ಟರ್ಬೊ ಕಾರಿಗೆ ಯಾವ ಆಯಿಲ್? ಡಬ್ಬ ತಿರುಗಿಸಿ ಹಿಂದೆ ಓದಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಬೊ ಪೆಟ್ರೋಲ್ ಗಾಡಿಗಳ ಎಂಜಿನ್ ಆಯಿಲ್ ಬಗ್ಗೆನೇ ಇದ್ವು. ಹಾಗಾಗಿ ಬ್ರೇಕು, ಟೈರು, ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲದ ಪುಟ ಪೂರ್ತಿ ಆಯಿಲ್‌ಗೇ ಕೊಟ್ಟಿದೀನಿ.

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡಲ್ಲಿ 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ತಗೊಂಡಿದೀನಿ, ಹಳೇ ಓನರ್ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಜಾಸ್ತಿ ಮಾಡೋದು) ಮಾಡ್ಸಿದ್ರು. ವಾರದ ದಿನ ಸಿಲ್ಕ್ ಬೋರ್ಡ್ ದಾಟಿ ಆಫೀಸು, ವೀಕೆಂಡಲ್ಲಿ ಸಕಲೇಶಪುರ ಕಡೆ, ಆಗಾಗ ಕೊಯಮತ್ತೂರಿನ ಕರಿ ಟ್ರ್ಯಾಕ್. ಸರ್ವಿಸ್ ಸೆಂಟರಲ್ಲಿ 5ಡಬ್ಲ್ಯೂ-30 ಹಾಕ್ತೀವಿ ಅಂತಾರೆ, ಟ್ಯೂನ್ ಮಾಡೋ ಗ್ಯಾರೇಜಲ್ಲಿ 5ಡಬ್ಲ್ಯೂ-40 ಅಂತಾರೆ, ಟ್ರ್ಯಾಕ್ ಫ್ರೆಂಡ್ಸ್ 10ಡಬ್ಲ್ಯೂ-60 ಬಿಟ್ಟು ಬೇರೆ ಹಾಕಲೇಬೇಡ ಅಂತಾರೆ. ತಲೆ ಕೆಟ್ಟಿದೆ. — ಬೆಂಗಳೂರು

ಉತ್ತರ: ಮೂರೂ ಜನ ನಿಮಗೆ ಹೇಳ್ತಿರೋದು ಡಬ್ಬದ ಮುಂದೆ ದಪ್ಪ ಅಕ್ಷರದಲ್ಲಿರೋ ನಂಬರು. ಅದು ಬರೀ ಗ್ರೇಡು. ಆಯಿಲ್ ತಣ್ಣಗಿದ್ದಾಗ ಎಷ್ಟು ಹರಿಯುತ್ತೆ, 100 ಡಿಗ್ರಿಗೆ ಬಿಸಿ ಆದಾಗ ಎಷ್ಟು ದಪ್ಪ ಇರುತ್ತೆ ಅನ್ನೋದಷ್ಟೇ ಅದರಲ್ಲಿ ಗೊತ್ತಾಗೋದು. ನಿಮ್ಮ ಎಂಜಿನ್ ಉಳಿಯುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋ ನಂಬರು ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿರುತ್ತೆ. ಸ್ಕೋಡಾ ಫೋಕ್ಸ್‌ವ್ಯಾಗನ್ ಗುಂಪಿನದು, ಹಾಗಾಗಿ ನಿಮ್ಮ ಗಾಡಿಗೆ ಅದು ಫೋಕ್ಸ್‌ವ್ಯಾಗನ್ (ವಿಡಬ್ಲ್ಯೂ) ಅಪ್ರೂವಲ್ ನಂಬರು, ವಿಡಬ್ಲ್ಯೂ 502 00 ಅಥವಾ 504 00.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಅಂಗಡಿ ಶೆಲ್ಫಲ್ಲಿ ಅಕ್ಕಪಕ್ಕ ಇರೋ ಎರಡು 5ಡಬ್ಲ್ಯೂ-30 ಡಬ್ಬ ತಗೊಳ್ಳಿ, ಒಂದರ ಹಿಂದೆ ವಿಡಬ್ಲ್ಯೂ 504 00 ಅಂತಿದೆ, ಇನ್ನೊಂದರ ಹಿಂದೆ ಬರೀ ಐಎಲ್‌ಎಸ್‌ಎಸಿ ಜಿಎಫ್-6 (ಪೆಟ್ರೋಲ್ ಕಾರುಗಳ ಸಾಮಾನ್ಯ ದರ್ಜೆ) ಅಂತಿದೆ, ಮುಂದೆ ನೋಡಿದ್ರೆ ಎರಡೂ ಒಂದೇ, ಆದ್ರೆ ಒಳಗಿರೋದು ಬೇರೆ ಬೇರೆ ಆಯಿಲ್ಲು. 150 ಡಿಗ್ರಿ ಬಿಸೀಲಿ, ಬೇರಿಂಗ್ ಒಳಗೆ ಆಗೋ ಥರ ಹಿಂಡಿ ನೋಡಿದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತೆ ಅಂತ ಒಂದು ಟೆಸ್ಟ್ ಇದೆ, ಎಚ್‌ಟಿಎಚ್‌ಎಸ್ ಅಂತಾರೆ. 30 ಗ್ರೇಡ್ ಅನ್ನಿಸ್ಕೊಳ್ಳೋಕೆ ಅಲ್ಲಿ 2.9 ಬಂದ್ರೆ ಸಾಕು. ಆದ್ರೆ 504 00 ಸಿಗಬೇಕಾದ್ರೆ 3.5 ಬರಲೇಬೇಕು. ಜೋರಾಗಿ ಓಡಿಸೋ ಟರ್ಬೊ ಎಂಜಿನ್ನಲ್ಲಿ ಕ್ರ್ಯಾಂಕ್ ಬೇರಿಂಗು, ಟರ್ಬೊ ಶಾಫ್ಟು ಎರಡೂ ನಿಂತಿರೋದು ಈ ಅಂಕಿ ಮೇಲೇನೇ. ಹಾಗಾಗಿ ಸರ್ವಿಸ್ ಸೆಂಟರಿನವರ 5ಡಬ್ಲ್ಯೂ-30 ಸರೀನೂ ಇರಬಹುದು, ತಪ್ಪೂ ಇರಬಹುದು. ಯಾವ ಸ್ಪೆಕ್ ಅಂತ ಕೇಳಿ, ಬಿಲ್ಲಲ್ಲಿ ಬರೆಸ್ಕೊಳ್ಳಿ. ಡ್ರಮ್ಮಿಂದ ಹಾಕ್ತೀವಿ ಅಂದ್ರೆ ಡ್ರಮ್ಮಿನ ಲೇಬಲ್ ತೋರಿಸಿ ಅನ್ನಿ, ಅದು ನಿಮ್ಮ ಹಕ್ಕು.

502ಕ್ಕೂ 504ಕ್ಕೂ ವ್ಯತ್ಯಾಸ ಏನು ಅಂದ್ರೆ, 504 00 ಆಯಿಲಲ್ಲಿ ಬೂದಿ ಆಗೋ ಅಂಶ ಕಡಿಮೆ, ಕಡಿಮೆ ಸಲ್ಫರ್ ಇರೋ ಪೆಟ್ರೋಲಿಗೆ ಅಂತಾನೇ ಮಾಡಿದ್ದು ಅದು. ನಿಮ್ಮ ಗಾಡಿ ತಯಾರಾದಾಗ ನಮ್ಮಲ್ಲಿ ಬಿಎಸ್4 ಪೆಟ್ರೋಲು, ಸಲ್ಫರ್ ಮಿತಿ 50 ಪಿಪಿಎಂ. 2020ರ ಏಪ್ರಿಲಿಂದ ಬಿಎಸ್6 ಬಂದು ಅದು 10ಕ್ಕೆ ಇಳೀತು. ಹಾಗಾಗಿ ಈಗ ಎರಡೂ ನಡೆಯುತ್ತೆ. ನನ್ನ ಮಟ್ಟಿಗೆ ರೀಮ್ಯಾಪ್ ಆಗಿರೋ ನಿಮ್ಮ ಗಾಡಿಗೆ 502 00 ಅಪ್ರೂವಲ್ ಇರೋ 5ಡಬ್ಲ್ಯೂ-40 ಅಥವಾ 0ಡಬ್ಲ್ಯೂ-40 ಫುಲ್ ಸಿಂಥೆಟಿಕ್ಕೇ ಸರಿ. ಮೋಟುಲ್ 8100 ಎಕ್ಸ್-ಸೆಸ್, ಶೆಲ್ ಹೆಲಿಕ್ಸ್ ಅಲ್ಟ್ರಾ, ಮೊಬಿಲ್ 1, ಕ್ಯಾಸ್ಟ್ರಾಲ್ ಎಡ್ಜ್ ಈ ಸಾಲುಗಳಲ್ಲಿ ಅಂಥವು ಸಿಗ್ತವೆ, ಆದ್ರೆ ಒಂದೇ ಹೆಸರಲ್ಲಿ ನಾಲ್ಕೈದು ಥರದ ಆಯಿಲ್ ಇರುತ್ತೆ, ಹೆಸರು ನೋಡಿ ತರಬೇಡಿ, ಡಬ್ಬ ತಿರುಗಿಸಿ 502 00 ಇದ್ಯಾ ನೋಡಿ ತನ್ನಿ. ಇನ್ನೊಂದು ವಿಷ್ಯ, 'ಅಪ್ರೂವಲ್' ಅಂತ ಬರೆದಿರೋದು ಬೇರೆ, 'ಈ ಗಾಡಿಗಳಿಗೂ ಆಗುತ್ತೆ' ಅಂತ ಬರೆದಿರೋದು ಬೇರೆ. ಮೊದಲನೇದರಲ್ಲಿ ಕಾರ್ ಕಂಪನಿ ಆಯಿಲನ್ನ ಟೆಸ್ಟ್ ಮಾಡ್ಸಿ ಒಪ್ಕೊಂಡಿರುತ್ತೆ, ಎರಡನೇದು ಆಯಿಲ್ ಕಂಪನಿ ತಾನೇ ಹೇಳ್ಕೊಂಡಿರೋದು.

10ಡಬ್ಲ್ಯೂ-60 ಬೇಡ. ಅದು ಹೆಸರು ಮಾಡಿದ್ದು ಬಿಎಂಡಬ್ಲ್ಯೂ ಎಂ ಗಾಡಿಗಳಿಂದ, ಇ46 ಎಂ3, ಇ60 ಎಂ5 ಎಂಜಿನ್‌ಗಳಿಗೆ ಬಿಎಂಡಬ್ಲ್ಯೂನೇ ಹೇಳಿದ ಗ್ರೇಡು, ಎರಡೂ ಟರ್ಬೊ ಇಲ್ಲದೆ 8000 ಆರ್‌ಪಿಎಂ ಆಸುಪಾಸು ಕಿರುಚೋ ಎಂಜಿನ್ನು. ನಿಮ್ಮ 2.0 ಟಿಎಸ್‌ಐ ಟರ್ಬೊ ಎಂಜಿನ್ನಲ್ಲಿ ಆಯಿಲು ಬರೀ ಜಾರಿಸೋ ಕೆಲಸ ಮಾಡ್ತಿಲ್ಲ. ಪಿಸ್ಟನ್ ಅಡಿಗೆ ಚಿಮ್ಮಿ ತಣ್ಣಗೆ ಮಾಡಬೇಕು, ಟೈಮಿಂಗ್ ಚೈನ್ ಟೆನ್ಷನರ್‌ನ ಒತ್ತಿ ಹಿಡಿಯೋದು ಅದೇ, ಕ್ಯಾಮ್ ಟೈಮಿಂಗ್ ತಿರುಗಿಸೋದೂ ಅದೇ ಪ್ರೆಷರ್ರು. ಅಷ್ಟು ದಪ್ಪ ಆಯಿಲು ಬೆಳಗ್ಗೆ ತಣ್ಣಗಿನ ಎಂಜಿನ್ನಲ್ಲಿ ಸಣ್ಣ ದಾರಿಗಳಲ್ಲಿ ನಿಧಾನಕ್ಕೆ ಹೋಗುತ್ತೆ, ಬಿಸಿ ಆದ ಮೇಲೂ ಎಲ್ಲಾ ಕಡೆ ಎಳೆತ ಜಾಸ್ತಿ, ಎಳೆತ ಜಾಸ್ತಿ ಆದ್ರೆ ಆಯಿಲ್ ಇನ್ನೂ ಬಿಸಿ. ಟ್ರ್ಯಾಕ್ ಫ್ರೆಂಡ್ಸ್ ಗಾಡಿಗೆ ಬೇರಿಂಗ್ ಗ್ಯಾಪ್ ಜಾಸ್ತಿ ಬಿಟ್ಟು ಎಂಜಿನ್ ಕಟ್ಟಿಸಿದ್ರೆ ಅವರ ಲೆಕ್ಕ ಬೇರೆ, ಒಳಗೆ ಕಂಪನಿ ಎಂಜಿನ್ ಹಾಗೇ ಇದ್ರೆ 40 ಗ್ರೇಡ್ ಸಾಕು.

ಮೋಟುಲ್ 300ವಿ ಥರದ ಎಸ್ಟರ್ ರೇಸಿಂಗ್ ಆಯಿಲ್ ಬಗ್ಗೆನೂ ಯಾರಾದ್ರೂ ಹೇಳ್ತಾರೆ ನಿಮಗೆ, ಒಳ್ಳೇ ಆಯಿಲ್ಲೇ ಅದು, ಆದ್ರೆ ರೇಸಿಗೆ ಮಾಡಿದ್ದು, ಹಾಕಿ ಓಡಿಸಿ ಬೇಗ ತೆಗೀತಾರೆ. ಸಿಲ್ಕ್ ಬೋರ್ಡಲ್ಲಿ ಹತ್ತು ಸಾವಿರ ಕಿಲೋಮೀಟರ್ ತೆವಳಿಸೋಕೆ ಅದು ಬೇಕಿಲ್ಲ.

ಈಗ ಬ್ರ್ಯಾಂಡಿಗಿಂತ ಮುಖ್ಯವಾದ ಮಾತು. ನಿಮ್ಮ ಗಾಡಿಗೆ ಟ್ರ್ಯಾಕ್‌ಗಿಂತ ಕಷ್ಟ ಕೊಡೋದು ಆಫೀಸ್ ಓಡಾಟ. ಕೂಲಂಟ್ ಮುಳ್ಳು ಬೇಗ 90ಕ್ಕೆ ಬಂದು ನಿಲ್ಲುತ್ತೆ, ಆಯಿಲ್ ಅಷ್ಟು ಬೇಗ ಬಿಸಿ ಆಗಲ್ಲ. ಡೈರೆಕ್ಟ್ ಇಂಜೆಕ್ಷನ್ನಲ್ಲಿ ಪೆಟ್ರೋಲನ್ನ ಸಿಲಿಂಡರ್ ಒಳಗೇ ಸಿಂಪಡಿಸೋದು, ತಣ್ಣಗಿದ್ದಾಗ ಅದರಲ್ಲಿ ಸ್ವಲ್ಪ ಗೋಡೆಗೆ ಅಂಟಿ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಲಾಂಗ್ ಡ್ರೈವಲ್ಲಿ ಆವಿಯಾಗಿ ಹೋಗುತ್ತೆ, ಬರೀ ಊರಲ್ಲೇ ಓಡಿಸಿದ್ರೆ ಅಲ್ಲೇ ಉಳ್ಕೊಂಡು ಆಯಿಲ್ ತೆಳ್ಳಗಾಗುತ್ತೆ. ಒಂದು ವಾರ ಆಫೀಸಿಗೆ ಓಡಿಸಿದ ಮೇಲೆ ಡಿಪ್‌ಸ್ಟಿಕ್ ಎಳೆದು ಮೂಗಿನ ಹತ್ರ ಹಿಡೀರಿ, ಪೆಟ್ರೋಲ್ ವಾಸನೆ ಹೊಡೀತಿದ್ರೆ, ಅಥವಾ ಲೆವೆಲ್ಲು ನೀವು ಹಾಕಿದ್ದಕ್ಕಿಂತ ಮೇಲೆ ಕಾಣ್ತಿದ್ರೆ, ನೀವು ತಂದ 5ಡಬ್ಲ್ಯೂ-40 ಈಗ 40 ಆಗಿ ಉಳಿದಿಲ್ಲ. ಎಂಥ ದುಬಾರಿ ಆಯಿಲ್ ಹಾಕಿದ್ರೂ ಇದಕ್ಕೆ ಪರಿಹಾರ ಇಲ್ಲ, ಬೇಗ ಬದಲಾಯಿಸೋದೊಂದೇ ದಾರಿ. ಗಾಡಿ ಜೊತೆ ಬರೋ ಪುಸ್ತಕದಲ್ಲಿ 15,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತಿರುತ್ತೆ. ರೀಮ್ಯಾಪ್ ಆದ ಗಾಡಿ, ಬೆಂಗಳೂರು ಟ್ರಾಫಿಕ್ಕು, ಮೇಲೆ ಟ್ರ್ಯಾಕು, ಅಷ್ಟಿದ್ಮೇಲೆ 7,500ಕ್ಕೆ ಅಥವಾ ಆರು ತಿಂಗಳಿಗೆ ಫಿಲ್ಟರ್ ಸಮೇತ ಬದಲಾಯಿಸಿ. ವರ್ಷಕ್ಕೊಂದು ಸಲ ತುಂಬಾ ದುಬಾರಿ ಆಯಿಲ್ ಹಾಕಿಸೋದಕ್ಕಿಂತ, ಸರಿಯಾದ ಅಪ್ರೂವಲ್ ಇರೋ ಮಾಮೂಲಿ ಬೆಲೆ ಆಯಿಲ್ಲನ್ನ ಎರಡು ಸಲ ಹಾಕಿಸೋದೇ ಎಂಜಿನ್‌ಗೆ ಒಳ್ಳೇದು.

ಕರಿ ಟ್ರ್ಯಾಕಿಗೆ ಹೋಗೋ ಮುಂಚೆ ಲೆವೆಲ್ಲು ಮ್ಯಾಕ್ಸ್ ಗೆರೆ ಹತ್ರ ಇರಲಿ, ಗೆರೆ ದಾಟೋದು ಬೇಡ. 2.1 ಕಿಲೋಮೀಟರ್ ಟ್ರ್ಯಾಕ್ ಅದು, ತಿರುವುಗಳು ಒಂದರ ಹಿಂದೆ ಒಂದು ಬರ್ತವೆ, ಲೆವೆಲ್ ಕಡಿಮೆ ಇದ್ರೆ ಆಯಿಲೆಲ್ಲ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಒಂದು ಪಕ್ಕಕ್ಕೆ ಹೋಗಿ ಪಂಪು ಗಾಳಿ ಎಳೆಯುತ್ತೆ. ವಾಪಸ್ ಬಂದ ಮೇಲೆ ಆ ಆಯಿಲ್ ತುಂಬಾ ದಿನ ಇಟ್ಕೋಬೇಡಿ.

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ ಕಡೆ ಬಿಸಿಲು ನಿಮಗ ಗೊತ್ತೇ ಐತಿ, ಏಪ್ರಿಲ್ ಮೇದಾಗ 42-43 ಮಾಮೂಲಿ. ಹೊಸಾ ಒಂದು ಲೀಟರ್ ಟರ್ಬೊ ಗಾಡಿ ತಗೊಂಡೀನಿ, ಶೋರೂಮ್‌ನವ್ರು 0ಡಬ್ಲ್ಯೂ-20 ಹಾಕ್ಯಾರ. ನಮ್ ಮಿಸ್ತ್ರಿ ಇದು ನೀರಿದ್ದಂಗ ಐತಿ, ಬಿಸಿಲಿಗೆ ತಡಿಯಂಗಿಲ್ಲ, 20ಡಬ್ಲ್ಯೂ-50 ಹಾಕ್ಸು ಇಲ್ಲಾ ಡೀಸಲ್ ಆಯಿಲ್ ಹಾಕ್ಸು ಅಂತಾನ. ಹಾಕಸ್ಲೇನ್ರಿ? — ಕಲಬುರಗಿ

ಉತ್ತರ: ಬೇಡ್ರಿ, ಎರಡೂ ಬೇಡ. ನಿಮ್ಮ ಮಿಸ್ತ್ರಿ ಹಳೇ ಅಂಬಾಸಿಡರ್ ಕಾಲದ ಅನುಭವದಿಂದ ಹೇಳ್ತಿರಬಹುದು, ಆ ಎಂಜಿನ್‌ಗೆ ಅದು ಸರಿಯಾಗಿತ್ತು. ನಿಮ್ಮದು ಬೇರೆ ಎಂಜಿನ್ನು.

ಬಿಸಿಲಿನ ವಿಷಯ ಮೊದಲು. ಹೊರಗೆ 43 ಇರಲಿ, ಮಡಿಕೇರಿ ಚಳೀಲಿ 12 ಇರಲಿ, ಎಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟ್ಯಾಟ್ ಅದನ್ನ 90-100 ಡಿಗ್ರಿ ಆಸುಪಾಸು ಹಿಡಿದಿಡುತ್ತೆ. ನಿಮ್ಮೂರಿನ ಬಿಸಿಲಿಂದ ಆಯಿಲ್ ಟೆಂಪರೇಚರ್ ಸ್ವಲ್ಪ ಮೇಲೆ ಹೋಗಬಹುದು, ಅಷ್ಟಕ್ಕೆ ಗ್ರೇಡ್ ಮೂರು ಮೆಟ್ಟಿಲು ಹತ್ತಿಸೋ ಅಗತ್ಯ ಇಲ್ಲ. ಇನ್ನು ಆ 'ಡಬ್ಲ್ಯೂ'ಗಿಂತ ಮೊದಲು ಬರೋ ನಂಬರು ಚಳಿಗಾಲದ್ದು. 0ಡಬ್ಲ್ಯೂ ಅಂದ್ರೆ ಮೈನಸ್ 35 ಡಿಗ್ರೀಲೂ ಕ್ರ್ಯಾಂಕ್ ತಿರುಗಿಸೋಕೆ ಆಗೋಷ್ಟು ಸಡಿಲ, 5ಡಬ್ಲ್ಯೂ ಅಂದ್ರೆ ಮೈನಸ್ 30, 10ಡಬ್ಲ್ಯೂ ಅಂದ್ರೆ ಮೈನಸ್ 25. ಕಲಬುರಗಿಗೆ ಮೈನಸ್ ಯಾಕೆ ಅಂತ ನೀವು ಕೇಳಬಹುದು. ಎಂಜಿನ್ ಲೆಕ್ಕದಲ್ಲಿ ನಿಮ್ಮೂರಿನ ಬೆಳಗಿನ 28 ಡಿಗ್ರಿನೂ ತಣ್ಣಗೇನೇ. 40 ಡಿಗ್ರೀಲಿ ಅಳೆದ್ರೆ 0ಡಬ್ಲ್ಯೂ-20 ಆಯಿಲೂ 100 ಡಿಗ್ರೀಲಿ ಇರೋದರ ಐದು ಪಟ್ಟು ದಪ್ಪ ಇರುತ್ತೆ, 20ಡಬ್ಲ್ಯೂ-50 ಅಂತೂ ಆ ಹೊತ್ತಲ್ಲಿ ಜೋನಿ ಬೆಲ್ಲ ಇದ್ದಂಗೆ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಟರ್ಬೊಗೆ ಆಯಿಲ್ ಬೇಗ ಮುಟ್ಟಬೇಕು, ದಪ್ಪ ಆಯಿಲ್ ತಡ ಮಾಡುತ್ತೆ.

ಡೀಸಲ್ ಆಯಿಲ್ ಬೇಡ ಅನ್ನೋಕೆ ಇನ್ನೂ ಗಟ್ಟಿ ಕಾರಣ ಇದೆ. ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಎಲ್‌ಎಸ್‌ಪಿಐ ಅನ್ನೋ ಒಂದು ಕಾಟ ಇದೆ. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕ್ ಬರೋ ಮುಂಚೇನೇ ಸಿಲಿಂಡರ್ ಒಳಗೆ ಬೆಂಕಿ ಹತ್ತೋದು. ಗೋಡೆ ಮೇಲಿನ ಆಯಿಲ್ ಹನಿ, ಪೆಟ್ರೋಲ್ ಜೊತೆ ಸೇರಿ, ಅದಕ್ಕೆ ಕಿಡಿ ಆಗುತ್ತೆ. ಒಂದು ಕೆಟ್ಟ ಹೊಡೆತ ಸಾಕು, ಪಿಸ್ಟನ್ನಿನ ರಿಂಗ್ ಲ್ಯಾಂಡ್, ಅಂದ್ರೆ ರಿಂಗ್‌ಗಳ ನಡುವಿನ ಅಂಚು, ಮುರಿಯುತ್ತೆ. ಆಯಿಲಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ರೆ ಇದು ಹೆಚ್ಚಾಗುತ್ತೆ ಅಂತ ಟೆಸ್ಟುಗಳಲ್ಲಿ ಗೊತ್ತಾಯ್ತು, ಅದಕ್ಕೇ ಹೊಸ ಆಯಿಲುಗಳಲ್ಲಿ ಸ್ವಲ್ಪ ಭಾಗ ಮೆಗ್ನೀಸಿಯಂಗೆ ಬದಲಾಯಿಸಿದ್ರು. 2018ರಲ್ಲಿ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎನ್ ಪ್ಲಸ್ ಅನ್ನೋ ಆಯಿಲ್ ದರ್ಜೆ ಬಂದಿದ್ದು ಇದಕ್ಕಾಗೇ, 2020ರ ಮೇನಲ್ಲಿ ಎಸ್‌ಪಿ ಬಂತು, ಅದರಲ್ಲಿ ಟೈಮಿಂಗ್ ಚೈನ್ ಸವೆತದ ಟೆಸ್ಟೂ ಸೇರಿಸಿದ್ರು, 2025ರಲ್ಲಿ ಎಸ್‌ಕ್ಯೂ ಬಂದಿದೆ. ಲಾರಿಗೆ ಮಾಡಿದ ಡೀಸಲ್ ಆಯಿಲಲ್ಲಿ ಮಸಿ ತೊಳೆಯೋಕೆ ಡಿಟರ್ಜೆಂಟ್ ತುಂಬಿರ್ತಾರೆ, ನಿಮ್ಮ ಎಂಜಿನ್‌ಗೆ ಬೇಡವಾದದ್ದೇ ಅದು.

ಹಾಗಾಗಿ ನಿಮ್ಮ ಪುಸ್ತಕದಲ್ಲಿರೋ ಗ್ರೇಡೇ ಹಾಕ್ಸಿ, ಡಬ್ಬದ ಹಿಂದೆ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಇರೋ ಹಂಗ ನೋಡ್ಕೊಳ್ರಿ. ಪುಸ್ತಕದಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್ ಕೊಟ್ಟಿದ್ರೆ, ಉದಾಹರಣೆಗೆ 0ಡಬ್ಲ್ಯೂ-20 ಜೊತೆ 5ಡಬ್ಲ್ಯೂ-30 ಇದ್ರೆ, ಬೇಸಿಗೇಲಿ ಹೈವೇ ಮೇಲೆ ಜೋರಾಗಿ ಓಡಿಸೋರು ಧೈರ್ಯವಾಗಿ 30ಕ್ಕೆ ಹೋಗಿ. ಪುಸ್ತಕ ಬಿಟ್ಟು ಹೊರಗೆ ಹೋದ್ರೆ ನಾಳೆ ವಾರಂಟೀಲಿ ಜಗಳ. ಇನ್ನೊಂದು, ಆಯಿಲ್ ಎಷ್ಟೇ ಒಳ್ಳೇದಿದ್ರೂ ಟಾಪ್ ಗೇರಲ್ಲಿ 1300-1400 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳೀಬೇಡಿ, ಒಂದು ಗೇರ್ ಇಳಿಸಿ ಆಮೇಲೆ ಒತ್ತಿ.

ಪ್ರಶ್ನೆ: ಘಾಟಿ ಹತ್ತಿ ಬಂದ ಮೇಲೆ ಟರ್ಬೊ ಗಾಡೀನ ತಕ್ಷಣ ಆಫ್ ಮಾಡಬಾರದು ಅಂತಾರಲ್ಲ, ಈಗಿನ ಹೊಸ ಗಾಡಿಗಳಿಗೂ ಇದು ಬೇಕಾ? ಸಿಂಥೆಟಿಕ್ ಆಯಿಲ್ ಹಾಕಿದ್ರೂ? — ಚಿಕ್ಕಮಗಳೂರು

ಉತ್ತರ: ಬೇಕು, ಮೊದಲಿನಷ್ಟು ಹೊತ್ತು ಬೇಡ ಅಷ್ಟೇ. ಟರ್ಬೊ ಶಾಫ್ಟು ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗುತ್ತೆ, ಹೆಚ್ಚಿನ ಟರ್ಬೊಗಳಲ್ಲಿ ಬಾಲ್ ಬೇರಿಂಗೂ ಇರಲ್ಲ, ಆಯಿಲ್ ಪದರದ ಮೇಲೆ ತೇಲ್ಕೊಂಡೇ ತಿರುಗೋದು. ಒಂದು ಪಕ್ಕ 900 ಡಿಗ್ರಿ ದಾಟೋ ಎಕ್ಸಾಸ್ಟ್ ಗ್ಯಾಸು. ಓಡ್ತಿರೋವಾಗ ಆಯಿಲ್ ಹರೀತಾನೇ ಇರುತ್ತೆ, ಬಿಸಿ ಹೊತ್ಕೊಂಡು ಹೋಗುತ್ತೆ. ಮುಳ್ಳಯ್ಯನಗಿರಿ ರಸ್ತೇಲಿ ಜೋರಾಗಿ ಹತ್ತಿಸಿ ಮೇಲೆ ಹೋದ ತಕ್ಷಣ ಕೀ ತಿರುಗಿಸಿಬಿಟ್ರೆ ಪಂಪ್ ನಿಂತೋಗುತ್ತೆ, ಒಳಗೆ ನಿಂತಿರೋ ಒಂದೆರಡು ಚಮಚ ಆಯಿಲ್ ಅಲ್ಲೇ ಸುಟ್ಟು ಕರಿ ಆಗುತ್ತೆ.

ಅದು ಹೆಂಗಿರುತ್ತೆ ಅಂತ ನೋಡಿದವರು ಮತ್ತೆ ಅವಸರ ಮಾಡಲ್ಲ. ಗ್ಯಾರೇಜ್ ಒಂದರಲ್ಲಿ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಟರ್ಬೊ ನೋಡಿದ್ದೀನಿ. ಆಯಿಲ್ ತರೋ ಪೈಪಿನ ಒಳಗಡೆ ಸುತ್ತ ಗಟ್ಟಿ ಕಪ್ಪು ಹೊಪ್ಪಳೆ, ಪೆನ್ಸಿಲ್ ಹೋಗೋಷ್ಟಿದ್ದ ಜಾಗದಲ್ಲಿ ಸೂಜಿ ಹೋಗೋಷ್ಟು ತೂತು ಉಳಿದಿತ್ತು, ಮೆಕ್ಯಾನಿಕ್ ತಂತಿ ಹಾಕಿ ಕೆರೆದ್ರೆ ಇದ್ದಿಲಿನ ಚೂರುಗಳ ಹಾಗೆ ಪೇಪರ್ ಮೇಲೆ ಉದುರ್ತಿತ್ತು. ಶಾಫ್ಟಿನ ಮೇಲೆ ನೀಲಿ ಬಣ್ಣ ತಿರುಗಿತ್ತು, ಬೆರಳಲ್ಲಿ ಹಿಡಿದು ಅಲ್ಲಾಡಿಸಿದ್ರೆ ಆಡ್ತಿತ್ತು. ಗಾಡಿಗೆ ಹಾಕಿದ್ದ ಆಯಿಲ್ ಒಳ್ಳೇದೇ, ಬದಲಾಯಿಸಿದ್ದು ಮಾತ್ರ ತುಂಬಾ ತಡ ಆಗಿತ್ತು.

ಈಗಿನ ಗಾಡಿಗಳಲ್ಲಿ ಟರ್ಬೊಗೆ ಕೂಲಂಟೂ ಇರುತ್ತೆ, ಸುಮಾರು ಗಾಡಿಗಳಲ್ಲಿ ಎಂಜಿನ್ ಆಫ್ ಆದ್ಮೇಲೂ ಒಂದು ಎಲೆಕ್ಟ್ರಿಕ್ ಪಂಪ್ ಸ್ವಲ್ಪ ಹೊತ್ತು ನೀರು ತಿರುಗಿಸುತ್ತೆ, ಬೋನೆಟ್ ಒಳಗಿಂದ ಗುಂಯ್ ಅಂತ ಕೇಳ್ಸುತ್ತಲ್ಲ ಅದೇ. ಅದು ದೊಡ್ಡ ಸಹಾಯ. ಆದ್ರೂ ಜೋರಾಗಿ ಓಡಿಸಿದ ದಿನ ಕೊನೇ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ, ನಿಂತ ಮೇಲೆ ಒಂದು ನಿಮಿಷ ಐಡಲ್ ಬಿಡಿ. ಊರೊಳಗೆ ಮೆಲ್ಲಗೆ ಓಡಿಸಿ ಬಂದಿದ್ರೆ ಏನೂ ಕಾಯಬೇಕಿಲ್ಲ. ಕೀ ತೆಗೆದ ಮೇಲೂ ಎಂಜಿನ್ನನ್ನ ಸ್ವಲ್ಪ ಹೊತ್ತು ಐಡಲ್ ಓಡಿಸೋ ಟರ್ಬೊ ಟೈಮರ್ ಅಂತ ಮಾರ್ತಾರಲ್ಲ, ಅದು ಹಾಕಿಸೋಕೆ ವೈರಿಂಗ್ ಕತ್ತರಿಸಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡಿ ರೇಸ್ ಮಾಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಆಯಿಲ್ ಬಿಸಿ ಆಗೋ ತನಕ ಮೂರು ಸಾವಿರ ಆರ್‌ಪಿಎಂ ಒಳಗೇ ಇರಿ.

ಪ್ರಶ್ನೆ: ದುಬೈನಲ್ಲಿದ್ದೀನಿ, ಮೂಲ ಉಡುಪಿ. ಗಾಡಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್. ಬೇಸಿಗೇಲಿ 47 ಡಿಗ್ರಿ, ಹೈವೇಲಿ ಓಡಿಸೋವಾಗ ಆಯಿಲ್ ಟೆಂಪರೇಚರ್ 112-115 ತೋರಿಸುತ್ತೆ, ಜೆಬೆಲ್ ಜೈಸ್ ಬೆಟ್ಟ ಹತ್ತಿಸಿದಾಗ 122 ಮುಟ್ಟಿತ್ತು. ಹೆದರಬೇಕಾ? ಆಯಿಲ್ ಕೂಲರ್ ಹಾಕಿಸ್ಲಾ? — ದುಬೈ

ಉತ್ತರ: ಹೆದರಬೇಡಿ. ಒಳ್ಳೇ ಸಿಂಥೆಟಿಕ್‌ಗೆ 100ರಿಂದ 120 ಆರಾಮದ ಜಾಗ, ನೂರು ಮುಟ್ಟಿದ್ರೇ ಒಳಗೆ ಸೇರಿರೋ ನೀರಿನಂಶ, ಪೆಟ್ರೋಲು ಆವಿಯಾಗಿ ಹೋಗೋದು. ಬೆಟ್ಟ ಹತ್ತೋವಾಗ 122 ಬಂದು ಇಳಿಯೋವಾಗ ಕೆಳಗೆ ಬಂದ್ರೆ ಅದು ಮಾಮೂಲಿ. 130 ದಾಟಿ ಅಲ್ಲೇ ನಿಂತ್ರೆ ಆಗ ಕಾಲು ತೆಗೀರಿ. ಬರೀ ರೋಡಲ್ಲಿ ಓಡಿಸೋರಿಗೆ ಕೂಲರ್ ಖರ್ಚು ಬೇಡ, ದುಬೈ ಆಟೊಡ್ರೋಮ್ ಅಥವಾ ಯಾಸ್ ಮರೀನಾ ಟ್ರ್ಯಾಕ್ ಡೇಗಳಿಗೆ ಹೋಗೋರಾದ್ರೆ ಯೋಚ್ನೆ ಮಾಡಿ.

ಆಯಿಲ್ ಆರಿಸೋವಾಗ ನಿಮ್ಮ ಗಾಡಿಯ ವರ್ಷದ ಪುಸ್ತಕ ಮೊದಲು ನೋಡಿ. ಯುರೋಪಿನ ಹೊಸ ಫೋಕ್ಸ್‌ವ್ಯಾಗನ್‌ಗಳಿಗೆ 508 00 ಅಂತ 0ಡಬ್ಲ್ಯೂ-20 ಆಯಿಲ್ ಬಂದಿದೆ, ಗುರುತು ಸಿಗಲಿ ಅಂತ ಹಸಿರು ಬಣ್ಣ ಹಾಕಿರ್ತಾರೆ, ಎಚ್‌ಟಿಎಚ್‌ಎಸ್ 2.6ರ ಮೇಲೆ ಅಷ್ಟೇ, ಮೈಲೇಜಿಗೆ ಮಾಡಿದ್ದು. ಅದನ್ನ ಬಳಸಿ ಅಂತ ಹೇಳದಿರೋ ಎಂಜಿನ್‌ಗೆ ಹಾಕಲೇಬಾರದು. ಪುಸ್ತಕ 502 00 ಒಪ್ಪಿದ್ರೆ 0ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40 ನಿಮ್ಮ ಹವೆಗೆ ಒಪ್ಪೋ ಆಯ್ಕೆ. ನಿಮಗೆ ಬಿಸಿಗಿಂತ ದೊಡ್ಡ ಶತ್ರು ಧೂಳು. ಮರಳಿನ ಸಣ್ಣ ಪುಡಿ ಏರ್ ಫಿಲ್ಟರ್ ದಾಟಿ ಆಯಿಲ್ ಸೇರಿದ್ರೆ ರಿಂಗು ಬೇರಿಂಗು ಉಜ್ಜಿ ಹಾಕುತ್ತೆ. ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸೋ ಅನುಕೂಲ ಇದ್ರೆ ಒಮ್ಮೆ ಕಳಿಸಿ, ರಿಪೋರ್ಟಲ್ಲಿ ಸಿಲಿಕಾನ್ ಅಂಕಿ ಏರಿದ್ರೆ ಜೊತೆಗೆ ಕಬ್ಬಿಣದ ಅಂಕೀನೂ ಏರಿದ್ಯಾ ನೋಡಿ, ಎರಡೂ ಏರಿದ್ರೆ ಫಿಲ್ಟರ್ ಬಾಕ್ಸು, ಇನ್‌ಟೇಕ್ ಪೈಪಿನ ಜಾಯಿಂಟು ಪರೀಕ್ಷೆ ಮಾಡ್ಸಿ. ಎಣ್ಣೆ ಹಚ್ಚೋ ಕಾಟನ್ ಫಿಲ್ಟರ್ ಹಾಕಿದ್ರೆ ತೆಗೆದು ಕಂಪನಿ ಪೇಪರ್ ಫಿಲ್ಟರ್ ಹಾಕೋದು ನನ್ನ ಸಲಹೆ.

ಪ್ರಶ್ನೆ: ನಮ್ಮದು 2011ರ ಸೂಪರ್ಬ್ 1.8 ಟಿಎಸ್‌ಐ. ಆಯಿಲ್ ಕುಡಿಯುತ್ತೆ, ಎರಡು ಸಾವಿರ ಕಿಲೋಮೀಟರ್‌ಗೆ ಒಂದು ಲೀಟರ್ ಹತ್ರ ಹಾಕ್ತಿದೀವಿ. ಸರ್ವಿಸಲ್ಲಿ ಇದು ನಾರ್ಮಲ್ ಅಂದ್ರು. ದಪ್ಪ ಆಯಿಲ್ ಹಾಕಿದ್ರೆ ನಿಲ್ಲುತ್ತಾ? — ಮೈಸೂರು

ಉತ್ತರ: ಸ್ಕೋಡಾ ಪುಸ್ತಕದಲ್ಲಿ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಖರ್ಚಾಗಬಹುದು ಅಂತ ಇದೆ, ಅವರು ನಾರ್ಮಲ್ ಅಂದಿದ್ದು ಆ ಸಾಲಿನ ಬಲದ ಮೇಲೆ. ಪುಸ್ತಕದ ಪ್ರಕಾರ ಸರಿ, ಗಾಡಿ ಪ್ರಕಾರ ನೀವು ಮಿತೀಲಿ ನಿಂತಿದ್ದೀರ. ಆ ತಲೆಮಾರಿನ 1.8, 2.0 ಟಿಎಸ್‌ಐಗಳಲ್ಲಿ ಪಿಸ್ಟನ್ನಿನ ಆಯಿಲ್ ಕಂಟ್ರೋಲ್ ರಿಂಗಿನ (ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಇಳಿಸೋದು) ತೊಂದರೆ ಜಗತ್ತಿಗೇ ಗೊತ್ತಿರೋ ವಿಷಯ, ರಿಂಗು ತೆಳು, ಆಯಿಲ್ ವಾಪಸ್ ಹೋಗೋ ತೂತು ಸಣ್ಣದು, ಕರಿ ಕಟ್ಟಿದ್ರೆ ಮುಚ್ಚಿಹೋಗುತ್ತೆ.

ದಪ್ಪ ಆಯಿಲಿಂದ ಸ್ವಲ್ಪ ಕಡಿಮೆ ಕಾಣಬಹುದು, ರೋಗ ವಾಸಿ ಆಗಲ್ಲ. ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನ ಇನ್‌ಟೇಕಿಗೆ ವಾಪಸ್ ಕಳಿಸೋದು) ಪರೀಕ್ಷೆ ಮಾಡ್ಸಿ, ಡಯಾಫ್ರಾಂ ಹರಿದಿದ್ರೂ ಆಯಿಲ್ ಇನ್‌ಟೇಕ್ ಕಡೆ ಎಳ್ಕೊಂಡು ಹೋಗುತ್ತೆ, ರಿಂಗ್ ಕೆಲಸಕ್ಕೆ ಹೋಲಿಸಿದ್ರೆ ಅದರ ಖರ್ಚು ಎಷ್ಟೋ ಕಡಿಮೆ. ಹೊಗೆ ನೋಡಿ: ರಾತ್ರಿ ಪೂರ್ತಿ ನಿಂತಿದ್ದ ಗಾಡಿ ಬೆಳಗ್ಗೆ ಸ್ಟಾರ್ಟ್ ಆದ ಕೂಡ್ಲೇ ನೀಲಿ ಹೊಗೆ ಬಿಟ್ಟು ನಿಂತೋದ್ರೆ ವಾಲ್ವ್ ಸೀಲ್ ಕಡೆ ಅನುಮಾನ, ತುಂಬಾ ಹೊತ್ತು ಐಡಲ್ ಬಿಟ್ಟು ಹೊರಟಾಗ ಬಂದ್ರೆ ಟರ್ಬೊ ಸೀಲ್ ಕಡೆ, ಓಡೋವಾಗೆಲ್ಲ ಬರ್ತಿದ್ರೆ ರಿಂಗು. ಆಯಿಲ್ ಆರಿಸೋವಾಗ 502 00 ಇರೋ 5ಡಬ್ಲ್ಯೂ-40ರಲ್ಲೇ ಡೇಟಾಶೀಟಿನ ನೋಆಕ್ ಅಂಕಿ ಕಡಿಮೆ ಇರೋದು ನೋಡಿ. 250 ಡಿಗ್ರೀಲಿ ಒಂದು ಗಂಟೆ ಕಾಯಿಸಿದಾಗ ನೂರಕ್ಕೆ ಎಷ್ಟು ಭಾಗ ಆವಿಯಾಯ್ತು ಅನ್ನೋ ಅಂಕಿ ಅದು. ಎಪಿಐ ಎಸ್‌ಪಿ 15ರ ತನಕ ಬಿಡುತ್ತೆ, ಯುರೋಪಿನ ಎಸಿಇಎ ಎ3/ಬಿ4 ದರ್ಜೆ 13ಕ್ಕೆ ನಿಲ್ಲಿಸುತ್ತೆ, 10ರ ಕೆಳಗಿದ್ರೆ ತುಂಬಾ ಒಳ್ಳೇದು. ಎಲ್ಲಕ್ಕಿಂತ ಮುಖ್ಯ, ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕ್ಸಿದಾಗ ಡಿಪ್‌ಸ್ಟಿಕ್ ನೋಡೋ ಅಭ್ಯಾಸ ಮನೇಲಿ ಗಾಡಿ ಓಡಿಸೋ ಎಲ್ಲರಿಗೂ ಇರಲಿ. ಕೆಂಪು ಲೈಟ್ ಬಂದ ಮೇಲೆ ನೋಡೋಣ ಅಂದ್ರೆ ಟರ್ಬೊ ಅಷ್ಟೊತ್ತಿಗೆ ಹೋಗಿರುತ್ತೆ.

ಪ್ರಶ್ನೆ: ಆನ್‌ಲೈನಲ್ಲಿ ಒಂದೇ ಆಯಿಲ್ ಒಬ್ಬರು ಅರ್ಧ ರೇಟಿಗೆ ಕೊಡ್ತಿದಾರೆ. ಡೂಪ್ಲಿಕೇಟ್ ಅಂತ ಗುರುತಿಸೋದು ಹೆಂಗೆ? — ದಾವಣಗೆರೆ

ಉತ್ತರ: ಅರ್ಧ ರೇಟಿಗೆ ಯಾರೂ ಅಸಲಿ ಕೊಡೋಕಾಗಲ್ಲ, ಅಲ್ಲಿಗೆ ಬಿಡಿ. ಆಯಿಲ್ ಕಂಪನಿಯ ಸೈಟಲ್ಲಿ ಡೀಲರ್ ಪಟ್ಟಿ ಇರುತ್ತೆ, ಅಲ್ಲಿಂದ ತಗೊಳ್ಳಿ, ಬಿಲ್ ತಗೊಳ್ಳಿ. ಬೆಂಗಳೂರಿಗೆ ಬಂದಾಗ ಜೆಸಿ ರೋಡಲ್ಲಿ ತಗೋತೀನಿ ಅನ್ನೋರೂ ಅಷ್ಟೇ, ಅಲ್ಲಿ ತಲೆಮಾರುಗಳಿಂದ ನಂಬಿಕೆ ಉಳಿಸ್ಕೊಂಡಿರೋ ಅಂಗಡಿಗಳಿವೆ, ಬಿಲ್ ಇಲ್ದೆ ಕಡಿಮೆಗೆ ಕೊಡ್ತೀನಿ ಅನ್ನೋರೂ ಇದ್ದಾರೆ. ಡಬ್ಬ ಕೈಗೆ ಬಂದ ಮೇಲೆ ಮುಚ್ಚಳ ತಿರುಗಿಸಿದ್ರೆ ರಿಂಗ್ ಪಟಪಟ ಅಂತ ಬಿಡಿಸ್ಕೋಬೇಕು, ಕೆಳಗಿನ ಫಾಯಿಲ್ ನೀಟಾಗಿ ಅಂಟಿರಬೇಕು, ಡಬ್ಬದ ಮೇಲಿನ ಬ್ಯಾಚ್ ನಂಬರು ಉಗುರಲ್ಲಿ ಉಜ್ಜಿದ್ರೆ ಅಳಿಸೋ ಹಾಗಿದ್ರೆ ಅನುಮಾನ ಪಡಿ. ಕ್ಯೂಆರ್ ಕೋಡ್ ಕೊಟ್ಟಿದ್ರೆ ಸ್ಕ್ಯಾನ್ ಮಾಡಿ, ಅದು ಕಂಪನಿ ಸೈಟಿಗೇ ಹೋಗ್ತಿದ್ಯಾ ನೋಡಿ. ಮತ್ತೆ ದಯವಿಟ್ಟು ಖಾಲಿ ಡಬ್ಬ ಗ್ಯಾರೇಜಲ್ಲಿ ಬಿಟ್ಟು ಬರಬೇಡಿ, ಬುಡಕ್ಕೆ ತೂತು ಹೊಡೆದೇ ಬಿಸಾಕಿ. ಡೂಪ್ಲಿಕೇಟ್ ಮಾಡೋರಿಗೆ ಬೇಕಾಗಿರೋದು ನಿಮ್ಮ ಅಸಲಿ ಡಬ್ಬಾನೇ.

ಪ್ರಶ್ನೆ: 'ಫುಲ್ ಸಿಂಥೆಟಿಕ್' ಅಂತ ಬರೆದಿದ್ರೂ ಅದು ನಿಜವಾದ ಸಿಂಥೆಟಿಕ್ ಅಲ್ಲ ಅಂತ ಜರ್ಮನಿಯಲ್ಲಿರೋ ತಮ್ಮ ಹೇಳ್ತಾನೆ. ಹೌದಾ? — ಶಿವಮೊಗ್ಗ

ಉತ್ತರ: ನಿಮ್ಮ ತಮ್ಮ ಹೇಳೋದು ಅಲ್ಲಿನ ಲೆಕ್ಕಕ್ಕೆ ಸರಿ. ಕಚ್ಚಾ ತೈಲದಿಂದಾನೇ ತುಂಬಾ ಶುದ್ಧ ಮಾಡಿ ತೆಗೆಯೋ ಗ್ರೂಪ್ 3 ಬೇಸ್ ಆಯಿಲನ್ನ ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ಲು ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟಿತ್ತು, 1999ರಲ್ಲಿ ಅಲ್ಲಿ ಜಾಹೀರಾತು ದೂರುಗಳನ್ನ ವಿಚಾರಿಸೋ ಎನ್‌ಎಡಿ ಸಂಸ್ಥೆ ಅನ್ನಬಹುದು ಅಂತ ಹೇಳ್ತು, ಆಮೇಲೆ ಹೆಚ್ಚಿನ ದೇಶಗಳಲ್ಲಿ ಅದೇ ರೂಢಿ ಆಯ್ತು. ಜರ್ಮನಿಯಲ್ಲಿ ಮಾತ್ರ ರಾಸಾಯನಿಕವಾಗಿ ಕಟ್ಟಿ ಮಾಡಿದ ಪಿಎಒ, ಎಸ್ಟರ್ ಥರದವಕ್ಕೇ ಪೂರ್ತಿ ಸಿಂಥೆಟಿಕ್ ಅಂತಾರೆ. ಆದ್ರೆ ನೀವು ಇದರ ಹಿಂದೆ ಬೀಳಬೇಡಿ. ಒಳ್ಳೇ ಗ್ರೂಪ್ 3 ಆಯಿಲ್ ನಿಮ್ಮ ಕಾರಿನ ಅಪ್ರೂವಲ್ ಪಾಸ್ ಮಾಡಿದ್ರೆ, ಪಾಸ್ ಮಾಡದಿರೋ ಪಿಎಒಗಿಂತ ಅದೇ ನಿಮ್ಮ ಗಾಡಿಗೆ ಮೇಲು.

ಪ್ರಶ್ನೆ: ಎಂಜಿನ್ ಫ್ಲಶ್, ಆಯಿಲ್ ಜೊತೆ ಹಾಕೋ ಆಡಿಟಿವ್ ಇವೆಲ್ಲ ಟರ್ಬೊ ಗಾಡಿಗೆ ಒಳ್ಳೇದಾ? — ಮಂಗಳೂರು

ಉತ್ತರ: ಆಯಿಲ್ ಡಬ್ಬದಲ್ಲೇ ಆಡಿಟಿವ್ ಅಳತೆ ಮಾಡಿ ಹಾಕಿರ್ತಾರೆ, ಮೇಲಿಂದ ಇನ್ನೊಂದು ಬಾಟಲಿ ಸುರಿದ್ರೆ ಆ ಅಳತೆ ಕೆಡುತ್ತೆ. ದುಡ್ಡು ಉಳಿಸಿ ಆಯಿಲ್ ಬೇಗ ಬದಲಾಯಿಸಿ. ತುಂಬಾ ಓಡಿ ಒಳಗೆ ಗಸಿ ಕಟ್ಟಿರೋ ಗಾಡಿಗೆ ಫ್ಲಶ್ ಮಾಡಿದ್ರೆ ಕಿತ್ತು ಬಂದ ಚೂರು ಹೋಗಿ ಆಯಿಲ್ ಪಿಕಪ್‌ನ ಜಾಲರಿ ಕಟ್ಟಬಹುದು, ಟರ್ಬೊಗೆ ಆಯಿಲ್ ನಿಂತೋಗುತ್ತೆ. ಅಂಥ ಗಾಡಿಗೆ ಒಳ್ಳೇ ಆಯಿಲ್ ಹಾಕಿ ಮೂರು ಸಾವಿರಕ್ಕೊಂದು ಸಲ, ಎರಡು ಮೂರು ಸುತ್ತು ಬದಲಾಯಿಸಿದ್ರೆ ನಿಧಾನಕ್ಕೆ ತಾನೇ ತೊಳ್ಕೊಂಡು ಬರುತ್ತೆ.

ಪ್ರಶ್ನೆ: ಲಾಂಗ್ ಡ್ರೈವಲ್ಲಿ ಆಯಿಲ್ ಕಡಿಮೆ ಆಗಿ ನಮ್ಮ ಬ್ರ್ಯಾಂಡ್ ಸಿಗದಿದ್ರೆ ಬೇರೆ ಬ್ರ್ಯಾಂಡ್ ಮಿಕ್ಸ್ ಮಾಡಬಹುದಾ? — ಕಾರವಾರ

ಉತ್ತರ: ಮಾಡಿ, ಕಡಿಮೆ ಆಯಿಲಲ್ಲಿ ಓಡಿಸೋದಕ್ಕಿಂತ ಅದೇ ಒಳ್ಳೇದು. ಎಂಜಿನ್ ಆಯಿಲ್‌ಗಳು ಒಂದಕ್ಕೊಂದು ಬೆರೆಯೋ ಹಾಗೇ ಇರ್ತವೆ. ಅಪ್ರೂವಲ್ ನಂಬರ್ ಒಂದೇ ಇರೋದು ಸಿಕ್ಕಿದ್ರೆ ಮರುಯೋಚನೆ ಬೇಡ, ಸಿಗದಿದ್ರೆ ಹತ್ತಿರದ ಗ್ರೇಡಿನ ಸಿಂಥೆಟಿಕ್ ಅರ್ಧ ಲೀಟರ್ ಹಾಕ್ಕೊಂಡು ಬಂದು, ಮುಂದಿನ ಸರ್ವಿಸ್ ಸ್ವಲ್ಪ ಬೇಗ ಮಾಡ್ಸಿ. ಹೊರಡೋವಾಗ್ಲೇ ನಿಮ್ಮ ಆಯಿಲಿಂದು ಒಂದು ಲೀಟರ್ ಡಬ್ಬ ಡಿಕ್ಕೀಲಿ ಇಟ್ಕೊಳ್ಳಿ.